ಡಾಕ್ಟ್ರೇ, ನಾನು ಉಸಿರಾಡೋ ಹೊಗೆ ಮಗುವಿನ ಕರುಳಿಗೂ ಮುಟ್ಟುತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೀಗ ಐದು ತಿಂಗಳು. ಮನೆ ಹೆದ್ದಾರಿ ಪಕ್ಕದಲ್ಲೇ ಇದೆ. ಬೆಳಿಗ್ಗೆ ಕಿಟಕಿ ಒರೆಸಿದರೆ ಬಟ್ಟೆಯೆಲ್ಲ ಮಸಿ. ಬಸುರಿ ಕೆಟ್ಟ ಗಾಳಿ ಉಸಿರಾಡಿದರೆ ಹುಟ್ಟೋ ಮಗುವಿನ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಏರುಪೇರಾಗುತ್ತೆ ಅಂತ ಓದಿದಾಗಿಂದ ನಿದ್ದೆಯಿಲ್ಲ. ಮನೆ ಬದಲಾಯಿಸೋಕೂ ಆಗಲ್ಲ.

ಉತ್ತರ (ಮಕ್ಕಳ ವೈದ್ಯೆ): ಹೆದ್ದಾರಿ ಪಕ್ಕ ಮನೆಯಿರೋದು ನಿಮ್ಮ ತಪ್ಪಲ್ಲಮ್ಮ, ಮೊದಲು ಅದನ್ನ ಮನಸ್ಸಿಂದ ತೆಗೀರಿ. ಬಟ್ಟೆಗೆ ಹತ್ತೋ ಮಸಿಯಲ್ಲಿ ದಪ್ಪ ಧೂಳೇ ಜಾಸ್ತಿ, ಅದು ಬಹುಪಾಲು ಮೂಗು ಗಂಟಲಲ್ಲೇ ನಿಲ್ಲುತ್ತೆ. ನನ್ನ ಚಿಂತೆ ಕಣ್ಣಿಗೆ ಕಾಣದ ಪಿಎಂ 2.5ರದ್ದು. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳವು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. 2019ರಲ್ಲಿ ಬೆಲ್ಜಿಯಂನ ಸಂಶೋಧಕರಿಗೆ ಮಾಸಿನಲ್ಲಿ (ಪ್ಲಾಸೆಂಟಾ), ಅದೂ ಮಗುವಿನತ್ತ ಇರೋ ಭಾಗದಲ್ಲಿ, ಇಂಗಾಲದ ಕಣಗಳು ಸಿಕ್ಕವು.

ಆದರೆ ಕರುಳಿನ ಕಥೆ ಅಷ್ಟು ನೇರ ಇಲ್ಲ. ಮಗುವಿನ ಕರುಳಿಗೆ ಬ್ಯಾಕ್ಟೀರಿಯಾ ಬರೋದು ಮುಖ್ಯವಾಗಿ ಹೆರಿಗೆ ಹೊತ್ತಲ್ಲಿ ಮತ್ತು ಆಮೇಲೆ: ತಾಯಿಯ ಮೈಯಿಂದ, ಎದೆಹಾಲಿಂದ. ಹೊಗೆಯಿಂದ ತಾಯಿಯ ಮೈಯಲ್ಲಿ ಉರಿಯೂತ ಹೆಚ್ಚಿ, ಅವಳ ಕರುಳೇ ಬದಲಾದರೆ, ಮಗುವಿಗೆ ದಾಟೋದೂ ಬದಲಾಗಬಹುದು ಅನ್ನೋದು ತರ್ಕ. ಮನುಷ್ಯರಲ್ಲಿ ಇಲ್ಲಿವರೆಗೆ ಕಂಡಿರೋದು ನಂಟು ಅಷ್ಟೇ. ಇದರಿಂದಲೇ ಹೀಗಾಯ್ತು ಅಂತ ಸಾಬೀತಾಗಿಲ್ಲ.

ಹೊಗೆ ಕಡಿಮೆ ಮಾಡೋದಂತೂ ಬೇಕು, ಯಾಕಂದ್ರೆ ಕಡಿಮೆ ತೂಕ, ಅವಧಿಗೆ ಮುಂಚೆ ಹೆರಿಗೆ ಇವುಗಳ ಜೊತೆ ಅದರ ನಂಟು ಇನ್ನೂ ಗಟ್ಟಿ. ಮನೆಯೊಳಗೆ ಸಿಗರೇಟು, ಸೊಳ್ಳೆ ಕಾಯಿಲ್ ಬೇಡವೇ ಬೇಡ. ರಸ್ತೆ ಕಡೆ ಕಿಟಕಿ ಗಾಡಿ ಕಡಿಮೆ ಇರೋ ಹೊತ್ತಲ್ಲಿ ತೆಗೀರಿ. ಒದ್ದೆ ಬಟ್ಟೆಯಲ್ಲೇ ಒರೆಸಿ, ಒಣಗಿದ್ದರಲ್ಲಿ ಕೊಡವಿದರೆ ಮತ್ತೆ ಗಾಳಿಗೇ ಏಳುತ್ತೆ. ಹೊರಗೆ ಹೋಗುವಾಗ ಎನ್95 ಮಾಸ್ಕ್ ಹಾಕಿ, ಅದು ಕೆನ್ನೆಗೆ ಒತ್ತಿ ಕೂರಬೇಕು. ಉಸಿರು ಕಟ್ಟಿದಂತಾದರೆ ತೆಗೆದು ಕೂತ್ಕೊಳ್ಳಿ.

ಪ್ರಶ್ನೆ: ಹಾಗಾದ್ರೆ ಹುಟ್ಟಿದ ಕೂಡಲೇ ಒಳ್ಳೆ ಬ್ಯಾಕ್ಟೀರಿಯಾ ಇರೋ ಪ್ರೋಬಯಾಟಿಕ್ ಡ್ರಾಪ್ಸ್ ಹಾಕಿಬಿಡ್ಲಾ ಮೇಡಂ?

ಉತ್ತರ: ನೀವಾಗಿ ನೀವೇ ಹಾಕಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಆ ಬ್ಯಾಕ್ಟೀರಿಯಾ ಅಪರೂಪಕ್ಕೆ ರಕ್ತಕ್ಕಿಳಿದು ಜೀವಕ್ಕೇ ಕುತ್ತಾಗಿದೆ. ಎದೆಹಾಲಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ ಗೊತ್ತಾ? ಅವು ಇರೋದೇ ಬೈಫಿಡೋಬ್ಯಾಕ್ಟೀರಿಯಾದಂಥ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಊಟವಾಗಿ. ನನಗೆ ಪ್ರತಿ ಸಲ ಇದು ಬೆರಗೇ. ಹೆದ್ದಾರಿ ಪಕ್ಕ ಇದ್ದರೂ ಹಾಲು ಕೊಡಿ, ಧೈರ್ಯವಾಗಿ ಕೊಡಿ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗುವಿಗೆ ಹತ್ತು ದಿನ. ಮಲ ಹಳದಿ, ನೀರುನೀರು, ಸಾಸಿವೆ ಕಾಳಿನಂಥ ಚೂರುಗಳು. ಇದೂ ಹೊಗೆಯಿಂದಲಾ?

ಉತ್ತರ: ಇಲ್ಲಮ್ಮ, ಎದೆಹಾಲು ಕುಡಿಯೋ ಕೂಸಿನ ಮಲ ಇರೋದೇ ಹಾಗೆ. ಮಲ ಸುಣ್ಣದ ಹಾಗೆ ಬಿಳಿಚಿದ್ದರೆ, ರಕ್ತ ಕಂಡರೆ, ಅವತ್ತೇ ವೈದ್ಯರಿಗೆ ತೋರಿಸಿ.