ಸಹಾಯ ಬೇಕು: ಒಂದೇ ಶೆಡ್, ಮೂರು ಆಹಾರ ಘಟಕ, ಖರ್ಚು ಹಂಚೋದು ಹೇಗೆ?

ನಮಸ್ಕಾರ. ಧಾರವಾಡದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಪ್ಪಳ ಮಾಡುವ ಮೂರು ಘಟಕಗಳು ಸೇರಿ ಒಂದು ಶೆಡ್ ಬಾಡಿಗೆಗೆ ಹಿಡಿಯುತ್ತಿದ್ದೇವೆ. ಪಲ್ವರೈಸರ್ (ಪುಡಿ ಮಾಡುವ ಯಂತ್ರ), ಬ್ಯಾಂಡ್ ಸೀಲರ್ (ಪ್ಯಾಕೆಟ್ ಬಾಯಿ ಬೆಸೆಯುವ ಯಂತ್ರ) ಮಾತ್ರ ಹಂಚಿಕೆ. ಬ್ರ್ಯಾಂಡ್, ಎಫ್‌ಎಸ್‌ಎಸ್‌ಎಐ ನೋಂದಣಿ, ಯುಪಿಐ ಕ್ಯೂಆರ್ ಮೂವರಿಗೂ ಬೇರೆ ಬೇರೆ. ಪಾಲುದಾರಿಕೆ ಸಂಸ್ಥೆ ಬೇಡವೆಂದು ನಿರ್ಧರಿಸಿದ್ದೇವೆ, ಏಕೆಂದರೆ ಸಂಸ್ಥೆಯ ಹೆಸರಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ.

ದೊಡ್ಡ ತಲೆನೋವು ಪಲ್ವರೈಸರ್. ಶೇಂಗಾ ಬಿಸಿಯಾದರೆ ಎಣ್ಣೆ ಬಿಟ್ಟು ಜಾಲರಿ ಕಟ್ಟುತ್ತದೆ. ಒಳಗೆ ಉಳಿದ ಎಣ್ಣೆ ಕಮಟು ಹಿಡಿದರೆ ಮುಂದಿನವರ ಹಿಟ್ಟೂ ಕೆಡುತ್ತದೆ. ನೀರು ಹಾಕಿ ತೊಳೆದರೆ ತೇವ ಉಳಿದು ಬೂಷ್ಟು ಹಿಡಿಯುವ ಭಯ. ಹಾಗಾಗಿ ದಿನಕ್ಕೆ ಮೊದಲು ಜೋಳ, ಆಮೇಲೆ ಉದ್ದು, ಕೊನೆಗೆ ಶೇಂಗಾ ಎಂಬ ಸರದಿ, ನಂತರ ಒಣ ಬ್ರಷ್, ಜಾಲರಿ ಬಿಚ್ಚಿ ಒರೆಸುವುದು ಎಂದು ಯೋಚಿಸಿದ್ದೇವೆ. ಆದರೂ ಶೇಂಗಾ ಅಲರ್ಜಿ ಇರುವವರಿಗಾಗಿ ಮೂರೂ ಲೇಬಲ್ ಮೇಲೆ ಎಚ್ಚರಿಕೆ ಹಾಕಲೇಬೇಕು ಅನ್ನಿಸುತ್ತದೆ. ಇಷ್ಟು ಸಾಕಾ, ಅಥವಾ ಶೇಂಗಾಕ್ಕೆ ಪ್ರತ್ಯೇಕ ಯಂತ್ರವೇ ಬೇಕಾ?

ಕರೆಂಟು: ಸಬ್‌ಮೀಟರ್ (ಒಬ್ಬೊಬ್ಬರ ಬಳಕೆ ಅಳೆಯುವ ಉಪ ಮೀಟರ್) ಯೂನಿಟ್ ಮಾತ್ರ ತೋರಿಸುತ್ತದೆ. ಮಂಜೂರಾದ ಲೋಡ್ (ಸಂಪರ್ಕಕ್ಕೆ ಒಪ್ಪಿಗೆಯಾದ ವಿದ್ಯುತ್ ಮಿತಿ) ಮೇಲಿನ ನಿಗದಿತ ಶುಲ್ಕವನ್ನು ಸಮಪಾಲು ಮಾಡಬೇಕಾ, ಮೋಟರ್ ಎಚ್‌ಪಿ ಪ್ರಕಾರವಾ?

ಪ್ಯಾಕಿಂಗ್ ಕವರ್ ಒಟ್ಟಿಗೆ ತರಿಸಿ, ಸ್ಟಾಕ್ ಮೂರು ಪಾಲಾಗಿ ತೋರಿಸುವ, ಮೊಬೈಲ್‌ನಲ್ಲೇ ಕನ್ನಡದಲ್ಲಿ ಬಳಸಬಹುದಾದ ಬಿಲ್ಲಿಂಗ್ ಆ್ಯಪ್ ಯಾವುದಿದೆ? ಗೂಗಲ್ ಶೀಟ್‌ನಲ್ಲಿ ಯಾರೋ ಒಬ್ಬರು ಸೂತ್ರ ಅಳಿಸಿದರೆ ಎಲ್ಲರ ಲೆಕ್ಕವೂ ಕೆಡುತ್ತದೆ.

ಒಬ್ಬರು ನಡುವೆ ಬಿಟ್ಟುಹೋದರೆ ಅಡ್ವಾನ್ಸ್, ಯಂತ್ರದ ಪಾಲು ಹಿಂತಿರುಗಿಸುವ ಷರತ್ತು ಬರೆದ ಒಪ್ಪಂದದ ಮಾದರಿ ಯಾರ ಹತ್ತಿರವಾದರೂ ಇದ್ದರೆ, ಹೆಸರು ಅಳಿಸಿ ಇಲ್ಲೇ ಹಾಕಿ ದಯವಿಟ್ಟು.