‘ತುರ್ತು ಕರೆಗಳು ಮಾತ್ರ’: ಇದಕ್ಕಿಂತ ತಿಳಿಯಾದ ಕನ್ನಡ ಯಾವುದು?

ಮಾನ್ಯರೇ,

ನಮ್ಮ ಬಡಾವಣೆಯ ಹಿರಿಯರಿಗಾಗಿ ಒಂದು ಪುಟದ ಸೂಚನಾಪತ್ರ ಸಿದ್ಧವಾಗುತ್ತಿದೆ. ಅಪಾಯದ ಹೊತ್ತಿನಲ್ಲಿ ಮೊಬೈಲನ್ನು ಹೇಗೆ ಬಳಸಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ವಿಷಯ. ಅದರ ಕನ್ನಡವನ್ನು ನೋಡಿಕೊಳ್ಳುವ ಹೊಣೆ ನನ್ನದು. ಕೆಲವು ಪದಗಳ ಬಳಿ ಬರವಣಿಗೆ ನಿಂತಿದೆ. ಬಲ್ಲವರ ಅಭಿಪ್ರಾಯ ಬೇಕು.

ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡ ಫೋನಿನಲ್ಲಿ ಕೆಲವೊಮ್ಮೆ ‘ತುರ್ತು ಕರೆಗಳು ಮಾತ್ರ’ ಎಂದು ಮೂಡುತ್ತದೆ. ಎತ್ತರದ ಕಟ್ಟಡಗಳ ನೆಲಮಾಳಿಗೆಯಲ್ಲಿ, ಲಿಫ್ಟಿನ ಬಳಿ ಇದನ್ನು ಅನೇಕರು ನೋಡಿರುತ್ತಾರೆ. ನೋಡಿದ ಹೆಚ್ಚಿನವರು ‘ಫೋನು ಕೆಲಸ ಮಾಡುತ್ತಿಲ್ಲ’ ಎಂದು ಅರ್ಥ ಮಾಡಿಕೊಂಡು ಅದನ್ನು ಜೇಬಿಗೆ ಹಾಕಿಬಿಡುತ್ತಾರೆ. ನಿಜವಾದ ಅರ್ಥ ಹೆಚ್ಚುಕಡಿಮೆ ಇದಕ್ಕೆ ವಿರುದ್ಧ. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಆ ಜಾಗದಲ್ಲಿ ಇಲ್ಲ, ಆದರೆ ಬೇರೆ ಕಂಪನಿಯ ಗೋಪುರ ಫೋನಿಗೆ ಎಟುಕುತ್ತಿದೆ. ತುರ್ತು ಸಹಾಯದ ಸಂಖ್ಯೆಯಾದ 112ಕ್ಕೆ ಕರೆ ಮಾಡಿದರೆ ಆ ಗೋಪುರದ ಮೂಲಕ ಹೋಗಬಹುದು ಎಂದು ಫೋನು ತಿಳಿಸುತ್ತಿದೆ. ಜೀವ ಉಳಿಸಬಹುದಾದ ಈ ಭರವಸೆಯನ್ನು ನಿರಾಕರಣೆಯಂತೆ ಕೇಳಿಸುತ್ತಿರುವುದು ‘ಮಾತ್ರ’ ಎಂಬ ಒಂದು ಪದ. ‘ಮಹಿಳೆಯರಿಗೆ ಮಾತ್ರ’, ‘ನಗದು ಮಾತ್ರ’, ‘ಸಿಬ್ಬಂದಿಗೆ ಮಾತ್ರ ಪ್ರವೇಶ’ ಎಂದು ಎಲ್ಲೆಡೆ ಓದಿ ಅಭ್ಯಾಸವಾದ ಕಣ್ಣಿಗೆ ‘ಮಾತ್ರ’ ಕಂಡರೆ ಬಾಗಿಲು ಮುಚ್ಚಿದೆ ಎಂದೇ ಲೆಕ್ಕ. ‘ತುರ್ತು ಕರೆ ಮಾಡಬಹುದು’ ಎಂದೋ ‘112ಕ್ಕಾದರೆ ಕರೆ ಹೋಗಬಹುದು’ ಎಂದೋ ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಪರದೆಯ ಮೇಲಿನ ಮಾತನ್ನು ನಾವು ಬದಲಿಸಲಾರೆವು. ಪತ್ರದಲ್ಲಿ ಅದನ್ನು ಹಾಗೆಯೇ ಉದ್ಧರಿಸಿ ಪಕ್ಕದಲ್ಲಿ ಅರ್ಥ ಬಿಡಿಸಬೇಕು. ‘ಸೇವೆ ಇಲ್ಲ’ ಎಂಬುದು ಬೇರೆ. ಅದು ಬಂದರೆ ಯಾವ ಗೋಪುರವೂ ಎಟುಕುತ್ತಿಲ್ಲ, ಬಯಲಿಗೆ ಬರಬೇಕು. ಈ ಎರಡರ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಹೇಳುವುದು ಹೇಗೆ?

ಇನ್ನು ‘ತುರ್ತು’. ಮರಾಠಿಯ ‘ತುರ್ತ’, ಹಿಂದಿಯ ‘ತುರಂತ್’ ಇದರ ಬಂಧುಗಳು. ಮೂರರಲ್ಲೂ ಇರುವುದು ಅವಸರ. ಅಪಾಯದ ಮಾತು ಇವುಗಳಲ್ಲಿ ಇಲ್ಲ. ಬೆಂಗಳೂರಿನ ಅಂಗಡಿಗಳ ಮುಂದೆ ‘ಕೆಲಸಗಾರರು ತುರ್ತಾಗಿ ಬೇಕಾಗಿದ್ದಾರೆ’ ಎಂಬ ಹಾಳೆ ಅಂಟಿರುತ್ತದೆ. ಸಂಘಗಳು ‘ತುರ್ತು ಸಭೆ’ ಕರೆಯುತ್ತವೆ. ‘ತುರ್ತು ಪರಿಸ್ಥಿತಿ’ ಎಂದರಂತೂ ಹಿರಿಯರಿಗೆ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ಕಾಲವೇ ನೆನಪಾಗುತ್ತದೆ. ‘ತುರ್ತು ಸಂದರ್ಭದಲ್ಲಿ ಕರೆ ಮಾಡಿ’ ಎಂದು ಬರೆದರೆ ಸಂಕೋಚದ ಅಜ್ಜಿಯೊಬ್ಬರು, ಎದೆ ಹಿಂಡುತ್ತಿದ್ದರೂ, ‘ಇದು ಅಷ್ಟು ತುರ್ತೇ?’ ಎಂದು ಯೋಚಿಸುತ್ತಾ ಕುಳಿತುಬಿಡಬಹುದು. ‘ಆಪತ್ತು’ ಅರ್ಥಕ್ಕೆ ಹತ್ತಿರ, ಆದರೆ ಪುಸ್ತಕದ ವಾಸನೆ ಇದೆ. ‘ವಿಪತ್ತು’ ಪ್ರವಾಹ, ಭೂಕಂಪಗಳ ಪಾಲಾಗಿದೆ. ನನ್ನ ಒಲವು ಹೀಗಿದೆ: ಬೀಗ ಹಾಕಿದ ಪರದೆಯಲ್ಲಿ ಕಾಣುವ ಗುಂಡಿಯ ಹೆಸರು ‘ತುರ್ತು ಕರೆ’ ಎಂದೇ ಇರುವುದರಿಂದ ಅಲ್ಲಿ ‘ತುರ್ತು’ ಇರಲಿ. ಯಾವಾಗ ಒತ್ತಬೇಕು ಎಂದು ಹೇಳುವಾಗ ಮಾತ್ರ ‘ಎದೆನೋವು, ಉಸಿರು ಕಟ್ಟುವಿಕೆ, ಬೆಂಕಿ, ಅಪಘಾತ, ಮನೆಗೆ ನುಗ್ಗಿದ ಕಳ್ಳ’ ಎಂದು ಸಂಗತಿಗಳನ್ನೇ ಹೆಸರಿಸೋಣ. ಕೈ ನಡುಗುವ ಹೊತ್ತಿನಲ್ಲಿ ಯಾರೂ ಪಾರಿಭಾಷಿಕ ಪದವನ್ನು ಬಿಡಿಸಿ ನೋಡುವುದಿಲ್ಲ.

ಸಂಖ್ಯೆಯ ಪ್ರಶ್ನೆಯೂ ಇದೆ. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ ಎಷ್ಟು ಚೆನ್ನಾಗಿ ನಾಲಿಗೆಗೆ ಹತ್ತಿತೆಂದರೆ ‘ನೂರೆಂಟು’ ಎಂಬುದೇ ವಾಹನದ ಹೆಸರಾಯಿತು. ‘ನೂರೆಂಟು ಬಂತೇ?’ ಎಂದು ಕೇಳುತ್ತಾರೆ. ‘ನೂರೆಂಟು ತಾಪತ್ರಯ’ದ ನೂರೆಂಟು ಮೊದಲೇ ಬಾಯಲ್ಲಿದ್ದುದೂ ಇದಕ್ಕೆ ನೆರವಾಗಿರಬೇಕು. ಹಾಗೆಯೇ ಈ ನಗರದಲ್ಲಿ ‘ಹೊಯ್ಸಳ’ ಎಂದರೆ ಪೊಲೀಸರ ಗಸ್ತು ವಾಹನ. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಮೂರಕ್ಕೂ ಒಂದೇ ಆದ 112 ಮಾತ್ರ ಇನ್ನೂ ಹೀಗೆ ಮನೆಮಾತಾಗಿಲ್ಲ. ‘ನೂರ ಹನ್ನೆರಡು’ ಎನ್ನುವುದೋ ‘ಒಂದು, ಒಂದು, ಎರಡು’ ಎನ್ನುವುದೋ? ನೆನಪಿಗೆ ಮೊದಲನೆಯದು, ಒತ್ತುವ ಬೆರಳಿಗೆ ಎರಡನೆಯದು ಸುಲಭ. ಕನ್ನಡ ಅಂಕಿಗಳ ಮೇಲೆ ನನಗೆ ತುಂಬು ಪ್ರೀತಿಯಿದೆ. ಆದರೂ ಇಲ್ಲಿ ೧೧೨ ಎಂದು ಬರೆಯುವುದು ಬೇಡ, ಕೀಲಿಗಳ ಮೇಲಿರುವ ರೂಪವೇ ಕಾಗದದ ಮೇಲೂ ಇರಬೇಕು ಎಂದು ಬಲವಾಗಿ ಅನಿಸುತ್ತದೆ. ವಂಚಕರು ಹಣ ಎಗರಿಸಿದಾಗ ಕರೆ ಮಾಡಬೇಕಾದ 1930ಕ್ಕೂ ಇದೇ ಮಾತು.

ಗುಂಡಿ ಒತ್ತುವ ಕ್ರಿಯಾಪದ ಸಣ್ಣದು, ಆದರೆ ಮುಖ್ಯ. 2017ರಿಂದ ಭಾರತದಲ್ಲಿ ಮಾರುವ ಹೊಸ ಫೋನುಗಳಲ್ಲಿ ಅಪಾಯದ ಗುಂಡಿಯ ಸೌಲಭ್ಯ ಇರಬೇಕೆಂಬ ನಿಯಮ ಬಂತು. ಕೀಲಿಗಳಿರುವ ಸಾದಾ ಫೋನಿನಲ್ಲಿ 5 ಅಥವಾ 9ನ್ನು ‘ಒತ್ತಿ ಹಿಡಿಯಬೇಕು’. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ‘ಬೇಗ ಬೇಗ ಮೂರು ಸಲ ಒತ್ತಬೇಕು’ ಎಂಬುದು ಆ ನಿಯಮ. ಫೋನಿನಿಂದ ಫೋನಿಗೆ ವ್ಯತ್ಯಾಸವಿರುವುದರಿಂದ ಮನೆಯವರು ಮೊದಲೇ ಸೆಟ್ಟಿಂಗ್ಸ್ ನೋಡಿಡಲಿ ಎಂದೂ ಸೇರಿಸುತ್ತೇನೆ. ‘ಅದುಮಿ’ ಎಂದರೆ ಒತ್ತಿ ಹಿಡಿಯುವುದು ಎಂಬ ಅರ್ಥ ಎಲ್ಲ ಪ್ರಾಂತ್ಯಗಳಲ್ಲೂ ಬರುತ್ತದೆಯೇ?

ಕೊನೆಯದಾಗಿ, ಜಾಗ ಹೇಳುವ ಬಗೆ. ಜಯನಗರ, ರಾಜಾಜಿನಗರ, ಕೋರಮಂಗಲ ಮೂರರಲ್ಲೂ ನಾಲ್ಕನೇ ಬ್ಲಾಕ್ ಇದೆ. ಗಾಬರಿಯಲ್ಲಿ ‘ನಾಲ್ಕನೇ ಬ್ಲಾಕ್, ಒಂಬತ್ತನೇ ಕ್ರಾಸ್’ ಎಂದಷ್ಟೇ ಹೇಳಿದರೆ ಸಹಾಯ ಎಲ್ಲಿಗೆ ಬರಬೇಕು? ಬಡಾವಣೆಯ ಹೆಸರು ಮೊದಲು, ಆಮೇಲೆ ಕ್ರಾಸ್ ಮತ್ತು ಮೇನ್, ಅದರ ಹಿಂದೆಯೇ ಹತ್ತಿರದ ದೇವಸ್ಥಾನ, ಶಾಲೆ ಅಥವಾ ಮೆಟ್ರೊ ಕಂಬದ ಸಂಖ್ಯೆ ಎಂದು ಬರೆಯಬೇಕೆಂದಿದ್ದೇನೆ. ಇಂಥ ಗುರುತಿಗೆ ‘ಹೆಗ್ಗುರುತು’ ಎಂಬ ಅಚ್ಚಗನ್ನಡ ಪದ ಚಂದವಾಗಿದೆ. ಅದು ‘ದೊಡ್ಡ ಸಾಧನೆ’ ಎಂಬ ಅರ್ಥದಲ್ಲಿಯೂ ಬಳಕೆಯಾಗುತ್ತಿರುವುದರಿಂದ ಹಿರಿಯರಿಗೆ ಥಟ್ಟನೆ ತಿಳಿಯುವುದೋ, ‘ಹತ್ತಿರದ ಗುರುತು’ ಎಂದರೆ ಸಾಕೋ? ಪತ್ರ ಮುದ್ರಣಕ್ಕೆ ಹೋಗುವ ಮುನ್ನ, ನಿಮ್ಮ ಮನೆಯ ಹಿರಿಯರನ್ನೇ ಕೇಳಿ ಉತ್ತರಿಸಿದರೆ ತುಂಬ ಉಪಕಾರವಾಗುತ್ತದೆ.