ಪದ ಬೇಕು: ಬಸುರಿಯರ ಫಲಕದಲ್ಲಿ ‘ಅಣುಬಾಧ’ಕ್ಕೆ (ಇನ್‌ಫೆಕ್ಷನ್‌ಗೆ ಮಲಯಾಳದ ಪದ) ಏನು ಬರೆಯಲಿ?

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಂಗನವಾಡಿಗೆ ಮಲಯಾಳದ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆಕ್ಕು, ಹಸಿಮಾಂಸ, ಕಾಯಿಸದ ಹಾಲಿನಿಂದ ಬಸುರಿಯರಿಗೆ ಬರುವ ರೋಗಗಳ ವಿಷಯ. ನಾಳೆ ಬೆಳಗ್ಗೆ ಫ್ಲೆಕ್ಸ್‌ನವರಿಗೆ ಕೊಡಬೇಕು. ‘ಅಣುಬಾಧ’ಕ್ಕೆ ‘ಸೋಂಕು’ ಅಂದರೆ ಇಲ್ಲಿನ ಅಜ್ಜಿಯಂದಿರು ಗಾಳಿ ಸೋಕಿದ್ದು ಅಂತ ತಿಳಿಯುತ್ತಾರೆ. ಬೆಕ್ಕಿಗೆ ಇಡುವ ಮರಳಿನ ತಟ್ಟೆಗೆ ಪದ ಇಲ್ಲ. ಬೆಕ್ಕಿನ ಹೇಲು, ಹಸಿಮಾಂಸದಿಂದ ಬರುವ ರೋಗಾಣು ‘ಟಾಕ್ಸೊಪ್ಲಾಸ್ಮಾ’ದ ಹೆಸರನ್ನು ಹಾಗೇ ಬಿಡಲೇ?

*

ಸೋಂಕು ಅಪ್ಪಟ ಕನ್ನಡ. ಬಿಡುವ ಮಾತೇ ಇಲ್ಲ. ‘ಗರ್ಭಿಣಿ’ ಬರೆಯದೆ ‘ಬಸುರಿ’ ಬರೆದದ್ದು ಸರಿ. ಹಳಗನ್ನಡದ ಬಸಿಱ್ ಅಂದರೆ ಹೊಟ್ಟೆ. ತಮಿಳಿನ ವಯಿಱು, ಮಲಯಾಳದ ವಯಱ್ ಅದರ ಒಡಹುಟ್ಟುಗಳು. ಟಾಕ್ಸೊಪ್ಲಾಸ್ಮಾಕ್ಕೆ ‘ನಂಜುಹುಳ’ ಅನ್ನಿ.

*

ನಂಜು ಎಲ್ಲಿಂದ ಬಂತು ಮಾಷ್ಟ್ರೇ? ಗ್ರೀಕಿನ ‘ಟಾಕ್ಸೋನ್’ ಅಂದರೆ ಬಿಲ್ಲು. 1908ರಲ್ಲಿ ಟ್ಯುನಿಸ್‌ನಲ್ಲಿ ಗುಂಡಿ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಇದು ಸಿಕ್ಕಿತು. ಬಿಲ್ಲಿನ ಹಾಗೆ ಬಾಗಿದ್ದಕ್ಕೆ ಆ ಹೆಸರು. ಹುಳವೂ ಅಲ್ಲ, ಒಂದೇ ಕೋಶದ ಜೀವಿ.

*

‘ಬೆಕ್ಕುಜ್ವರ’ ಸಾಕಲ್ವಾ? ಎಲ್ಲರಿಗೂ ತಿಳಿಯುತ್ತದೆ.

*

ಬೇಡವೇ ಬೇಡ. ಆ ಹೆಸರು ಹಾಕಿದರೆ ಬೆಕ್ಕನ್ನು ಚೀಲಕ್ಕೆ ತುಂಬಿ ಪೇಟೆಯಲ್ಲಿ ಬಿಟ್ಟು ಬರುತ್ತಾರೆ, ಅರೆಬೆಂದ ಮಾಂಸ ತಿನ್ನುವುದನ್ನು ಬಿಡುವುದಿಲ್ಲ. ಈ ರೋಗ ಮಾಂಸದಿಂದಲೂ ಬರುತ್ತದೆ, ತೊಳೆಯದ ಸೊಪ್ಪಿನಿಂದಲೂ ಬರುತ್ತದೆ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಬರುವುದು ಅಪರೂಪ. ಅದರ ಹೇಲಿನಲ್ಲಿರುವ ರೋಗಾಣು ಅಂಟುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅದಕ್ಕೇ ದಿನಾ ತೆಗೆಯಬೇಕು ಅನ್ನುವುದು, ಅದೂ ಮನೆಯ ಬೇರೆಯವರು. ಇನ್ನು ಮರಳಿನ ತಟ್ಟೆ ನಮ್ಮೂರಲ್ಲಿ ಯಾರ ಮನೆಯಲ್ಲಿದೆ ಟೀಚರ್? ನಮ್ಮ ಪುಚ್ಚೆ ಹೋಗುವುದು ಬಸಳೆ ಚಪ್ಪರದ ಬುಡಕ್ಕೆ, ಇಲ್ಲ ಮನೆ ಕಟ್ಟಲು ಹಾಕಿದ ಹೊಯ್ಗೆ ರಾಶಿಗೆ. ಆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ‘ಬೆಕ್ಕು ಹೇತ ಮಣ್ಣು’ ಅಂತಲೇ ಬರೆಯಿರಿ.

*

ಸರಕಾರಿ ಫಲಕದಲ್ಲಿ ‘ಹೇತ’? ‘ಮಲ’ ಅನ್ನಿ.

*

ಸಂಸ್ಕೃತದ್ದಾದರೆ ಮರ್ಯಾದೆ, ಕನ್ನಡದ್ದಾದರೆ ಹೊಲಸು. ಇದನ್ನು ಮೊದಲು ಬಿಡಿ.

*

‘ಅಣುಬಾಧೆ’ಯನ್ನೇ ಇಟ್ಟುಕೊಳ್ಳಬಾರದೇಕೆ? ಅಣು, ಬಾಧೆ ಎರಡೂ ನಮಗೆ ಗೊತ್ತು. ನಮ್ಮ ಮಕ್ಕಳು ಆಸ್ಪತ್ರೆಯಲ್ಲಿ ಅದನ್ನೇ ಕೇಳುತ್ತಾರೆ.

*

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ವಾದ. ಒಂದೊಂದೇ ಪದ ಹೋಗಲಿ, ಕೊನೆಗೆ ಲಿಪಿಯೂ ಹೋಗಲಿ ಅಂತಲೇ?

*

ಅಣ್ಣಾ, ಸಾಲ ತಂದ ಪದದಿಂದ ಭಾಷೆ ಸಾಯುವುದಿಲ್ಲ. ಫಲಕ ಕನ್ನಡದಲ್ಲಿ ಇಲ್ಲದಿದ್ದರೆ ಸಾಯುತ್ತದೆ.

*

ಎಲ್ಲರಿಗೂ ಧನ್ಯವಾದ. ‘ರೋಗಾಣು ಸೋಂಕು’ ಅಂತ ಜೊತೆಗೆ ಹಾಕುತ್ತೇನೆ, ಗಾಳಿಯ ಗೊಂದಲ ತಪ್ಪುತ್ತದೆ. ‘ಟಾಕ್ಸೊಪ್ಲಾಸ್ಮಾ’ ಹಾಗೇ ಇರಲಿ, ಡಾಕ್ಟರ ಹತ್ತಿರ ಆ ಹೆಸರೇ ಹೇಳಬೇಕಲ್ಲ. ಉಳಿದದ್ದು ಹೀಗಿದೆ:

ಬಸುರಿಯರೇ, ಬೆಕ್ಕಿನ ಹೇಲನ್ನು ದಿನಾ ಬೇರೆಯವರಿಂದ ತೆಗೆಸಿ. ಬೆಕ್ಕು ಹೋಗುವ ಮಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ. ಸೊಪ್ಪು, ಹಣ್ಣು ತೊಳೆದು ತಿನ್ನಿ. ಮಾಂಸ ಪೂರ್ತಿ ಬೇಯಲಿ. ಹಾಲು ಕಾಯಿಸಿ ಕುಡಿಯಿರಿ. ಫ್ರಿಡ್ಜಿನಲ್ಲಿಟ್ಟ ಅಡುಗೆಯಲ್ಲೂ ಲಿಸ್ಟೀರಿಯಾ ಎಂಬ ರೋಗಾಣು ಬೆಳೆಯುತ್ತದೆ. ಕುದಿಯುವಷ್ಟು ಬಿಸಿ ಮಾಡಿ ತಿನ್ನಿ.

ರಾತ್ರಿಯೊಳಗೆ ಯಾರಾದರೂ ಕಾಗುಣಿತ ನೋಡಿ ಹೇಳಿ.